ಹಳೆಯ ಯೆಜ್ಡಿ, ಹರಿಹರದ ಲೇತು

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿತು. ಅಲ್ಲಿ ತಯಾರಾದ ಯೆಜ್ಡಿ ಬೈಕುಗಳು ದಾವಣಗೆರೆ, ಹರಿಹರದ ಬೀದಿಗಳಲ್ಲಿ ಇಂದಿಗೂ ಗುಡುಗುವುದುಂಟು. ಅಪ್ಪನ ಗಾಡಿಯನ್ನು ಗುಜರಿಗೆ ಹಾಕಲೊಲ್ಲದೆ, ಬೋರ್ ಮಾಡಿಸಿ, ಪಿಸ್ಟನ್ ಬದಲಿಸಿ ಓಡಿಸುವ ತರುಣನನ್ನು ಹೊಗೆಯ ಕಾರಣವೊಂದರಿಂದಲೇ ತಿರಸ್ಕರಿಸುವುದು ಸಲ್ಲದು. ಹೊಸ ಗಾಡಿಯ ಉಕ್ಕು ಯಾವುದೋ ಗುಡ್ಡವನ್ನು ಅಗೆದೇ ಬರಬೇಕು. ಸಂಡೂರಿನ ಬೆಟ್ಟಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಅಂಗಡಿಯಲ್ಲಿ ಸಿಗದ ಬಿಡಿಭಾಗವನ್ನು ಕಡೆದುಕೊಡುವ ಕೈಗಳು ಈ ಸೀಮೆಗೆ ಹೊಸತಲ್ಲ. 1941ರಲ್ಲಿ ಹರಿಹರದಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತುಗಳನ್ನೇ ತಯಾರಿಸುತ್ತಿತ್ತು. ಅದೂ ಮುಚ್ಚಿತು, ಕಸುಬು ಉಳಿಯಿತು.

ಆಕ್ಷೇಪವಿರುವುದು ಮಾರ್ಪಾಡಿನ ಬಗೆಗೆ. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲಿನೊಡನೆ ಆಯಿಲೂ ಉರಿಯುತ್ತದೆ. ಒಂದಿಷ್ಟು ಪೆಟ್ರೋಲು ಉರಿಯದೆಯೇ ಹೊರಬೀಳುತ್ತದೆ. ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಅಳವಡಿಸುವುದು, ಆಯಿಲನ್ನು ಅಳೆದು ಬೆರೆಸುವುದು ವಿವೇಕ. ಸೈಲೆನ್ಸರಿನ ಒಳಕೊಳವೆಯನ್ನು ಕಿತ್ತೆಸೆದು, ಕಾಡು ನಡುಗುವಂತೆ ಘಟ್ಟ ಹತ್ತುವುದು ಬರಿಯ ಶೋಕಿ. ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2019ರಲ್ಲಿಯೇ ಹೇಳಿದೆ. 50 ವರ್ಷ ಮೀರಿದ ವಾಹನಗಳಿಗೆ 2021ರ ನಿಯಮ ವಿಂಟೇಜ್ ನೋಂದಣಿ ನೀಡುತ್ತದೆ, ನಿತ್ಯದ ಓಡಾಟಕ್ಕಲ್ಲ.

ಇನ್ನೊಂದು ಸಂಗತಿಯನ್ನು ಗಾಡಿಪ್ರಿಯರು ಅಷ್ಟಾಗಿ ಚರ್ಚಿಸುವುದಿಲ್ಲ. ಗೇರ್‌ಬಾಕ್ಸಿನಿಂದ ಇಳಿಸಿದ ಕರಿ ಎಣ್ಣೆ ಎಲ್ಲಿಗೆ ಹೋಗಬೇಕು? ಹರಿಹರದ ಚರಂಡಿಗೆ ಸುರಿದರೆ ಅದು ಸೇರುವುದು, ನಮ್ಮ ಘಟ್ಟಗಳಿಂದಿಳಿದು ಕೂಡಲಿಯಲ್ಲಿ ಒಂದಾದ ತುಂಗಭದ್ರೆಯನ್ನೇ. ಅದನ್ನು ಡಬ್ಬಿಗಳಲ್ಲಿ ಶೇಖರಿಸಿ ಅಧಿಕೃತ ಮರುಬಳಕೆದಾರರಿಗೆ ತಲುಪಿಸುವ ಏರ್ಪಾಟನ್ನು ಗ್ಯಾರೇಜುಗಳೂ ನಗರಸಭೆಯೂ ಕೂಡಿ ಮಾಡಬೇಕು.