ಸೆಲ್ಲೋ ವಾದ್ಯವೂ ಅದರ ಆಕ್ಷೇಪಕರೂ

ಸೆಲ್ಲೋ ಎಂಬುದು ಪಿಟೀಲಿನ ಕುಲದ್ದೇ ಆದ ನಾಲ್ಕು ತಂತಿಗಳ ವಾದ್ಯ. ಗಾತ್ರದಲ್ಲಿ ಬಹು ದೊಡ್ಡದು. ಪೀಠದ ಮೇಲೆ ಕುಳಿತವರ ಮೊಣಕಾಲುಗಳ ನಡುವೆ ನಿಲ್ಲತಕ್ಕದ್ದು. ಬೆಂಗಳೂರಿನ ಸಹಕಾರನಗರದ ಗೃಹಸ್ಥನೊಬ್ಬನು ಇದನ್ನು ತನ್ನ ಮಗಳಿಗೆ ಕಲಿಸಹೊರಟನೆಂದರೆ ಬುದ್ಧಿವಾದ ಹೇಳುವವರಿಗೆ ಬರಗಾಲವಿರುವುದಿಲ್ಲ. ಅದು ಪರದೇಶದ ವಾದ್ಯ. ಅದರಲ್ಲಿ ರಾಗಭಾವವು ಹೊಮ್ಮಲಾರದು. ಅದನ್ನು ನುಡಿಸಿ, ಕಲಿಸಿ ಜೀವನ ಸಾಗಿಸುವುದಂತೂ ಆಗದ ಮಾತು — ಇದು ಪೂರ್ವಪಕ್ಷ.

ಭರತಮುನಿಯು ವಾದ್ಯಗಳನ್ನು ತತ, ಅವನದ್ಧ, ಘನ, ಸುಷಿರಗಳೆಂದು ವಿಭಾಗಿಸಿದ್ದು ನಾದವು ಹುಟ್ಟುವ ಬಗೆಯನ್ನು ನೋಡಿಯೇ ಹೊರತು ವಾದ್ಯವು ಹುಟ್ಟಿದ ಊರನ್ನು ಕೇಳಿ ಅಲ್ಲ. ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು ಯುರೋಪಿನವರಿಂದ ಪಿಟೀಲನ್ನು ಕಲಿತು ಕರ್ಣಾಟಕ ಸಂಗೀತಕ್ಕೆ ತಂದರು. ತಿರುಮಕೂಡಲಿನ ಟಿ. ಚೌಡಯ್ಯನವರು (೧೮೯೫–೧೯೬೭) ಅದಕ್ಕೆ ಏಳು ತಂತಿಗಳನ್ನು ಬಿಗಿದು ನುಡಿಸಿ, ೧೯೫೭ರಲ್ಲಿ ಸಂಗೀತ ಕಲಾನಿಧಿಗಳಾದರು. ಈಗ ಅವರ ಹೆಸರಿನಲ್ಲಿ ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಭವನವೇ ನಿಂತಿದೆ. ಅಲ್ಲಿ ಕುಳಿತು ತಲೆದೂಗುವವರು ಸೆಲ್ಲೋವನ್ನು ಕಂಡು ಮೂಗು ಮುರಿಯುವುದು ಶುದ್ಧ ಅರ್ಧಜರತೀಯ ನ್ಯಾಯವಲ್ಲದೆ ಮತ್ತೇನು?

ಇನ್ನು ರಾಗದ ಮಾತು. ದ್ರುತಕಾಲದ ಸ್ವರಪ್ರಸ್ತಾರಕ್ಕೆ ಈ ದಪ್ಪ ತಂತಿಗಳು ಪಿಟೀಲಿನಷ್ಟು ಚುರುಕಾಗಿ ಒದಗವೆಂಬುದನ್ನು ಒಪ್ಪಬಹುದು. ಆದರೆ ಮೆಟ್ಟಿಲುಗಳಿಲ್ಲದ ಪಟ್ಟಿಯ ಮೇಲೆ ಬೆರಳು ಎಡೆಬಿಡದೆ ಜಾರುವಾಗ ಗಮಕಕ್ಕೇನು ಅಡ್ಡಿ? ಮಂದ್ರಸ್ಥಾಯಿಯಲ್ಲಿ ಅದರ ದನಿ ಗಂಭೀರವಾದ ಗಂಡುಕಂಠಕ್ಕೆ ತೀರ ಸಮೀಪ. ಪ್ರತ್ಯಕ್ಷಪ್ರಮಾಣವೇ ಬೇಕೆಂಬವರು ಸಾಸ್ಕಿಯಾ ರಾವ್ ದ ಹಾಸ್ ಅವರ ವಾದನವನ್ನು ಕೇಳಲಿ. ಹಾಲೆಂಡಿನಲ್ಲಿ ಹುಟ್ಟಿದ ಈಕೆ ಹರಿಪ್ರಸಾದ ಚೌರಾಸಿಯಾ ಮೊದಲಾದವರಲ್ಲಿ ಹಿಂದೂಸ್ತಾನಿ ಸಂಗೀತವನ್ನು ಅಭ್ಯಾಸಮಾಡಿ, ಕನ್ನಡನಾಡಿನ ಸೊಸೆಯಾದರು. ಪತಿ ಶುಭೇಂದ್ರ ರಾವ್, ಮಾವ ಎನ್. ಆರ್. ರಾಮರಾಯರು, ಇಬ್ಬರೂ ರವಿಶಂಕರರ ಶಿಷ್ಯಪರಂಪರೆಯವರು. ಈಕೆ ಸೆಲ್ಲೋವಿನ ಗಾತ್ರವನ್ನು ಕುಗ್ಗಿಸಿ, ನುಡಿಸುವ ತಂತಿಗಳನ್ನು ಐದಕ್ಕೇರಿಸಿ, ಸಿತಾರಿನಲ್ಲಿರುವಂತೆ ಅನುರಣನದ ತಂತಿಗಳನ್ನೂ ಕೂಡಿಸಿ, ನೆಲದ ಮೇಲೆ ಕುಳಿತೇ ನುಡಿಸುತ್ತಾರೆ. ವಾದ್ಯವು ಪದ್ಧತಿಗೆ ಬಾಗಿತು; ಆಕ್ಷೇಪಕರು ಮಾತ್ರ ಬಾಗಲೊಲ್ಲರು!

ಜೀವನೋಪಾಯದ ಮಾತೊಂದರಲ್ಲಿ ಹುರುಳಿದೆ. ಆದರೆ ಅದು ವಾದ್ಯದ ದೋಷವಲ್ಲ, ಕೇಳುವವರ ದೋಷ. ಕಛೇರಿಯಲ್ಲಿ ನುಡಿಸಿದವರಿಗೆ ಶಾಲು ಹೊದಿಸುವ ಜನರೇ ಪಾಠ ಹೇಳಿದವರಿಗೆ ತಿಂಗಳ ಕೊನೆಗೆ ಸಬೂಬು ಹೇಳುತ್ತಾರೆ. ನುಡಿಸುವುದು ಕೀರ್ತಿಗೆ, ಕಲಿಸುವುದು ಗತಿಗೆಟ್ಟವರಿಗೆ ಎಂಬ ಭಾವನೆ ಎಲ್ಲಿಂದ ಬಂದಿತೋ ತಿಳಿಯದು. ಚೌಡಯ್ಯನವರು ಅಷ್ಟೊಂದು ಕಛೇರಿಗಳ ನಡುವೆಯೂ ಮೈಸೂರಿನಲ್ಲಿ ಅಯ್ಯನಾರ್ ಸಂಗೀತ ಕಾಲೇಜನ್ನು ನಡೆಸಿದರು. ಸಾಸ್ಕಿಯಾ ದಂಪತಿಗಳೂ ಎಳೆಯ ಮಕ್ಕಳಿಗಾಗಿಯೇ ಒಂದು ಸಂಗೀತ ಪಾಠಕ್ರಮವನ್ನು ರಚಿಸಿದ್ದಾರೆ.

ಸಹಕಾರನಗರದ ಆ ಮಗಳಿಗೆ ಪಾಶ್ಚಾತ್ಯ ಸಂಗೀತದ ಶಾಲೆ ದೂರವೇನಲ್ಲ. ೧೯೮೭ರಲ್ಲಿ ಸ್ಥಾಪಿತವಾದ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್ ಕೆಲವೇ ಮೈಲಿಗಳಾಚೆ ಆರ್. ಟಿ. ನಗರದಲ್ಲಿದೆ. ತೊಡಕಿರುವುದು ಬೇರೆ ಕಡೆ. ಮಗು ಬೆಳೆದಂತೆ ಕಾಲುಗಾತ್ರದ ಸೆಲ್ಲೋ ಹೋಗಿ ಅರ್ಧಗಾತ್ರದ್ದು, ಅದು ಹೋಗಿ ಮುಕ್ಕಾಲು, ಕಡೆಗೆ ಪೂರ್ಣಗಾತ್ರದ್ದು ಬೇಕಾಗುತ್ತದೆ. ಸಾಧಾರಣ ಸಂಸಾರಿ ಎಷ್ಟು ಸಲ ಕೊಂಡಾನು? ಬುದ್ಧಿವಾದ ಹೇಳುವ ಮಹನೀಯರಲ್ಲಿ ಸಂಗೀತಸಭೆಗಳ ಪದಾಧಿಕಾರಿಗಳೂ ಇದ್ದಾರಷ್ಟೆ. ಅವರು ಒಂದು ವರ್ಷ ಶಾಲು, ಹಾರಗಳ ಖರ್ಚನ್ನು ಉಳಿಸಿ, ಅರ್ಧಗಾತ್ರದ ಒಂದು ಸೆಲ್ಲೋವನ್ನು ಕೊಂಡು, ಬಡಾವಣೆಯ ಮಕ್ಕಳಿಗೆ ಸರದಿಯ ಮೇಲೆ ಎರವಲು ಕೊಡಲಿ. ಬಡಾವಣೆಯ ಹೆಸರಿನಲ್ಲಿ ಸಹಕಾರವೆಂಬ ಮಾತು ಹೇಗೂ ಇದೆ.