ಆಭಾ ಎಣಿಸಿದ್ದಾಯಿತು, ದಾಖಲೆ ಎಲ್ಲಿ?

ಒಪಿಡಿ ಕೌಂಟರಿನಲ್ಲಿ ಕ್ಯೂಆರ್ ಕೋಡ್ ಅಂಟಿಸಿ, ಜನರ ಕೈಗೆ 14 ಅಂಕಿಯ ಆಭಾ (ಆಯುಷ್ಮಾನ್ ಭಾರತ್ ಆರೋಗ್ಯ ಖಾತೆ) ಸಂಖ್ಯೆ ಕೊಟ್ಟಕೂಡಲೇ ಆರೋಗ್ಯ ಸೇವೆ ಡಿಜಿಟಲ್ ಆಯಿತೆಂದು ಬರೆಯುವವರಿಗೆ ಭಟ್ಕಳ, ಹೊನ್ನಾವರ, ಕುಮಟಾದ ರೋಗಿಗಳು ಹಿಡಿಯುವ ದಾರಿ ಗೊತ್ತಿದ್ದಂತಿಲ್ಲ. ಸಂಖ್ಯೆ ಬೇರೆ, ದಾಖಲೆ ಬೇರೆ. ಸ್ಕ್ಯಾನ್ ಮಾಡಿದರೆ ಟೋಕನ್ ಬೇಗ ಸಿಗುತ್ತದೆ, ಸರತಿ ಸಾಲು ಕರಗುತ್ತದೆ. ಅಷ್ಟನ್ನು ಮೆಚ್ಚೋಣ.

ಆದರೆ ಉತ್ತರ ಕನ್ನಡದ ಈ ತಾಲ್ಲೂಕುಗಳಲ್ಲಿ ತಲೆಗೆ ಜೋರು ಪೆಟ್ಟು ಬಿದ್ದರೆ, ಎದೆನೋವು ಕೈಮೀರಿದರೆ ಗಾಡಿ ತಿರುಗುವುದು ಹೆಚ್ಚಾಗಿ ದಕ್ಷಿಣಕ್ಕೆ, ಮಣಿಪಾಲಕ್ಕೋ ಮಂಗಳೂರಿಗೋ. ಜಿಲ್ಲಾ ಕೇಂದ್ರ ಕಾರವಾರ ಇರುವುದು ಉತ್ತರಕ್ಕೆ. 2022ರ ಜುಲೈ 20ರಂದು ಹೊನ್ನಾವರದಿಂದ ಹೊರಟ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿಗೆ ಬಡಿದು ನಾಲ್ವರು ಸತ್ತ ಮೇಲೆ, ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಜೋರಾಯಿತು. ನ್ಯಾಯವಾದ ಕೂಗು. ಆದರೆ ಅಂಥ ಆಸ್ಪತ್ರೆ ಎದ್ದು ನಿಲ್ಲುವವರೆಗೂ ರೋಗಿ ಜಿಲ್ಲೆಯ ಗಡಿ ದಾಟಬೇಕು, ಸರ್ಕಾರಿ ಹಾಸಿಗೆಯಿಂದ ಖಾಸಗಿ ಹಾಸಿಗೆಗೆ ಹೋಗಬೇಕು. ಯಾವ ಇಂಜೆಕ್ಷನ್ ಎಷ್ಟು ಗಂಟೆಗೆ ಕೊಟ್ಟದ್ದು, ಬಿಪಿ ಯಾವಾಗ ಕುಸಿದದ್ದು, ಯಾವ ಔಷಧಿ ಮೈಗೆ ಒಗ್ಗದು: ಇಷ್ಟಾದರೂ ಅವನ ಜೊತೆ ಹೋಗಬೇಡವೇ? ಇದನ್ನು ಚೆನ್ನಾಗಿ ಬಲ್ಲವರು ಆ ಹೊತ್ತು ಡ್ಯೂಟಿಯಲ್ಲಿದ್ದ ಸಿಸ್ಟರ್. ಅವರ ನೋಟವನ್ನು ಕಂಪ್ಯೂಟರಿಗೆ ತಿಳಿಯುವಂತೆ ಬರೆಯಲು ಸಂಕೇತಗಳಿಲ್ಲ ಎನ್ನುವಂತಿಲ್ಲ. ವೈದ್ಯಕೀಯ ಪದಗಳಿಗೆ ಸಂಕೇತ ಕೊಡುವ ಸ್ನೋಮೆಡ್ ಸಿಟಿ ಕೂಟವನ್ನು ಭಾರತ ಸೇರಿದ್ದು 2014ರಲ್ಲಿ. ಇಎಚ್‌ಆರ್ (ವಿದ್ಯುನ್ಮಾನ ಆರೋಗ್ಯ ದಾಖಲೆ) ಮಾನದಂಡ ಪರಿಷ್ಕೃತವಾದದ್ದು 2016ರಲ್ಲಿ. ಸಂಕೇತ ಬಂದು ಇಷ್ಟು ವರ್ಷವಾಯಿತು, ಟೈಪ್ ಮಾಡುವವರು ಯಾರು?

ಈ ಪ್ರಶ್ನೆಗೆ ನಮ್ಮ ರಾಜ್ಯದಲ್ಲೇ ಒಂದು ಕಹಿ ಉತ್ತರವಿದೆ, ಡಿಜಿಟಲ್ ಉತ್ಸಾಹಿಗಳು ಅದರ ಮಾತೆತ್ತುವುದಿಲ್ಲ. 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಚಳಿಯಲ್ಲಿ ಕೂತದ್ದು ಗೌರವಧನಕ್ಕೆ ಮಾತ್ರ ಎಂದು ಹಲವರು ತಿಳಿದಿದ್ದಾರೆ. ಆರ್‌ಸಿಎಚ್ (ತಾಯಿ-ಮಗುವಿನ ಆರೋಗ್ಯ ದಾಖಲಿಸುವ) ಪೋರ್ಟಲಿಗೆ ತಮ್ಮ ಪ್ರೋತ್ಸಾಹಧನವನ್ನು ತಳಕು ಹಾಕಬೇಡಿ ಎಂಬುದೂ ಅವರ ಬೇಡಿಕೆಯಾಗಿತ್ತು. ಗರ್ಭಿಣಿಯ ಮನೆಗೆ ನಡೆದು ಹೋದವರು ಇವರು, ಪೋರ್ಟಲಿಗೆ ತುಂಬುವವರು ಇನ್ನೊಬ್ಬರು. ತುಂಬುವುದು ತಪ್ಪಿದರೆ ಹಣ ಕೈತಪ್ಪುವುದು ನಡೆದವರಿಗೆ. ಮಾಡಿದ ಕೆಲಸಕ್ಕಿಂತ ತುಂಬಿದ ಕೆಲಸಕ್ಕೆ ಬೆಲೆ ಕಟ್ಟಿದರೆ ಆಗುವುದೇ ಇದು. ಆಸ್ಪತ್ರೆಯಲ್ಲೂ ಅಷ್ಟೇ: ರಾತ್ರಿ ಪಾಳಿಯ ನರ್ಸ್ ಮೊದಲು ರಿಜಿಸ್ಟರಿನಲ್ಲಿ ಬರೆದು, ಮತ್ತೆ ಅದನ್ನೇ ಕಂಪ್ಯೂಟರಿಗೆ ತುಂಬಬೇಕೆಂದರೆ ರೋಗಿಯ ಪಕ್ಕದಲ್ಲಿ ನಿಲ್ಲುವವರು ಯಾರು? ಎರಡೆರಡು ಬರವಣಿಗೆ ಮಾಡಿಸಿ ಅದನ್ನು ಸುಧಾರಣೆ ಎನ್ನಲು ಧೈರ್ಯ ಬೇಕು.

ಆದ್ದರಿಂದ ಆರೋಗ್ಯ ಇಲಾಖೆ ಆಭಾ ಎಷ್ಟಾಯಿತು ಎನ್ನುವ ಗುರಿಯನ್ನು ಪಕ್ಕಕ್ಕಿಡಲಿ. ಪ್ರತಿ ಪಾಳಿಗೂ ಒಬ್ಬ ಡೇಟಾ ಎಂಟ್ರಿ ಆಪರೇಟರನ್ನು ಕೊಡಲಿ. ಮೂರೂ ತಾಲ್ಲೂಕು ಆಸ್ಪತ್ರೆಗಳಿಂದ ರೆಫರ್ ಆದವರಲ್ಲಿ ಎಷ್ಟು ಜನರ ದಾಖಲೆಯನ್ನು ಅತ್ತ ಕಡೆಯ ವೈದ್ಯರು ತೆರೆದು ನೋಡಿದರು ಎಂಬ ಒಂದೇ ಲೆಕ್ಕವನ್ನು ತಿಂಗಳು ತಿಂಗಳು ಪ್ರಕಟಿಸಲಿ. ಆ ಲೆಕ್ಕ ಬರುವವರೆಗೆ, ಓದುಗರೇ, ಆಂಬುಲೆನ್ಸ್ ಹತ್ತುವ ಮುನ್ನ ರೆಫರ್ ಚೀಟಿಯನ್ನೂ ಕೇಸ್ ಶೀಟಿನ ಪ್ರತಿಯನ್ನೂ ಕೇಳಿ ಪಡೆಯಿರಿ.