ಪ್ರಯೋಗಾಲಯಕ್ಕೊಂದು ಕೆಟ್ಟ ಎಂಜಿನ್ ಕೊಡಿ

ಪೂರ್ತಿ ಕೆಟ್ಟು ನಿಂತ ಎಂಜಿನ್ ಸರಿಪಡಿಸುವುದು ಅಷ್ಟೇನೂ ಕಷ್ಟವಲ್ಲ. ದೋಷ ಎದುರಿಗೇ ಇರುತ್ತದೆ, ಒಂದೊಂದಾಗಿ ನೋಡುತ್ತ ಹೋದರೆ ಸಿಕ್ಕೇ ಸಿಗುತ್ತದೆ. ನಿಜವಾದ ಕಷ್ಟ ಇರುವುದು ಆಗಾಗ ಕೆಮ್ಮುವ ಎಂಜಿನ್‌ನಲ್ಲಿ. ರಸ್ತೆಯಲ್ಲಿ ಮುಗ್ಗರಿಸುತ್ತದೆ, ಗ್ಯಾರೇಜಿಗೆ ತಂದು ನಿಲ್ಲಿಸಿದರೆ ಏನೂ ಆಗಿಯೇ ಇಲ್ಲವೆಂಬಂತೆ ಓಡುತ್ತದೆ. ರಾತ್ರಿಯೆಲ್ಲ ಕಾಡಿದ ಹಲ್ಲುನೋವು ಡಾಕ್ಟರ ಕುರ್ಚಿಯಲ್ಲಿ ಕೂತ ಕೂಡಲೇ ಮಾಯವಾಗುತ್ತದಲ್ಲ, ಹಾಗೆ.

ಇಂಥ ದೋಷವನ್ನು ಹುಡುಕುವುದು ಹೇಗೆ ಎಂದು ಮೂರು ವರ್ಷದ ಆಟೊಮೊಬೈಲ್ ಡಿಪ್ಲೊಮಾದಲ್ಲಿ ನನಗೆ ಯಾರೂ ಕಲಿಸಲಿಲ್ಲ. ಕಲಿಸಿದ್ದು ಕಮಲಾಪುರದಲ್ಲಿರುವ ನನ್ನ ಸೋದರಮಾವನ ಅಂಬಾಸಿಡರ್. ನಮ್ಮ ಕಾಲೇಜುಗಳ ಪ್ರಯೋಗಾಲಯಗಳಲ್ಲಿ ಚೆನ್ನಾಗಿರುವ ಎಂಜಿನ್ ಜೊತೆಗೆ ಕೆಟ್ಟ ಎಂಜಿನ್ ಕೂಡ ಒಂದು ಇರಬೇಕು ಎಂಬುದು ನನ್ನ ವಾದ. ಯಾಕೆ ಎಂಬುದಕ್ಕೆ ಈ ಕಾರಿನ ಕಥೆಯನ್ನೇ ಹೇಳುತ್ತೇನೆ.

ಕಾರು 1971ರದು, ಮಾರ್ಕ್ 2. ಬ್ರಿಟನ್ನಿನ ಮೋರಿಸ್ ಆಕ್ಸ್‌ಫರ್ಡ್ ಕಾರಿನ ವಿನ್ಯಾಸವನ್ನು ಆಧರಿಸಿ 1950ರ ದಶಕದ ಕೊನೆಯಲ್ಲಿ ಪಶ್ಚಿಮ ಬಂಗಾಳದ ಉತ್ತರಪಾರದಲ್ಲಿ ತಯಾರಾಗಲು ಶುರುವಾದ ಅಂಬಾಸಿಡರ್, 2014ರವರೆಗೂ ಬರುತ್ತಿತ್ತು. ನಮ್ಮ ಗಾಡಿಯದು 1,489 ಸಿಸಿಯ ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್. 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ಸ್ವಂತ ಬಳಕೆಯ ವಾಹನವನ್ನು ಕೇಂದ್ರ ಸರ್ಕಾರದ 2021ರ ನಿಯಮ ‘ವಿಂಟೇಜ್’ ಎಂದು ಗುರುತಿಸುತ್ತದೆ. ಮಾವನಿಗೆ ಮಾತ್ರ ಅದು ಇವತ್ತಿಗೂ ‘ಅಪ್ಪನ ಗಾಡಿ’. ಮುತ್ಯಾ ಕೊಂಡಿದ್ದು, ಮನೆಯ ಮೂರು ಮದುವೆಗಳ ದಿಬ್ಬಣ ಹೊತ್ತದ್ದು.

ಈ ಗಾಡಿ ಕಮಲಾಪುರದ ಓಣಿಯಲ್ಲಿ, ಕಲಬುರಗಿಯ ಸೂಪರ್ ಮಾರ್ಕೆಟ್ಟಿನ ಸಂದಣಿಯಲ್ಲಿ ಚೆನ್ನಾಗಿಯೇ ಓಡುತ್ತಿತ್ತು. ಆದರೆ ನಡುವಿನ ಹುಮನಾಬಾದ್ ರಸ್ತೆಯಲ್ಲಿ, ಮಹಾಗಾಂವ ಕ್ರಾಸ್ ಆಸುಪಾಸಿನಲ್ಲಿ ಕೆಮ್ಮು ಶುರು. ನಾಲ್ಕು ಸಲ ಜಗ್ಗುತ್ತದೆ, ಸೈಲೆನ್ಸರಿನಲ್ಲಿ ‘ಫಟ್’ ಎನ್ನುತ್ತದೆ, ಮತ್ತೆ ಸರಿಹೋಗುತ್ತದೆ. ಅದೂ ಎಲ್ಲ ದಿನ ಅಲ್ಲ. ಮೂರು ಸಲ ಹೋದರೆ ಒಂದು ಸಲ. ಒಂದು ವರ್ಷದಲ್ಲಿ ಮೂರು ಗ್ಯಾರೇಜು ಕಂಡಿತು. ಪ್ಲಗ್ ಬದಲಾದವು, ಕಾರ್ಬುರೇಟರ್ ಬಿಚ್ಚಿ ತೊಳೆದರು, ಇಗ್ನಿಷನ್ ಕಾಯಿಲ್ ಹೊಸದು ಬಂತು, ಪೆಟ್ರೋಲ್ ಪಂಪ್ ಬದಲಾಯಿತು. ಖರ್ಚು ಹನ್ನೊಂದು ಸಾವಿರ ದಾಟಿತು. ಪ್ರತಿ ಸಲವೂ ‘ಈಗ ಸರಿ ಆಯ್ತು’ ಎನ್ನುವಷ್ಟರಲ್ಲಿ ಮತ್ತೆ ಕೆಮ್ಮು. ಕೊನೆಗೆ ಮಾವ ಅಂದರು: “ಇನ್ನೊಮ್ಮಿ ಕೈ ಕೊಟ್ರ ಗುಜರಿಗಿ ಹಾಕಿಬಿಡ್ತೀನಿ ನೋಡು. ಅಪ್ಪನ ಗಾಡಿ ಅಂತ ಎಷ್ಟ ದಿನ ಸಾಕ್ಲಿ?” ಮಾತು ಹೇಳಿದ ಮೇಲೆ ಅವರು ಅಂಗಳದ ಕಡೆ ನೋಡಲಿಲ್ಲ.

ಮೂರೂ ಗ್ಯಾರೇಜಿನವರು ಕೆಲಸ ಬಲ್ಲವರೇ. ಆದರೆ ಆಗಾಗ ಬರುವ ದೋಷ ಕೆಲಸ ಬಲ್ಲವರನ್ನೂ ಏಮಾರಿಸುತ್ತದೆ. ಹೇಗೆಂದರೆ, ನೀವು ಏನೂ ಮಾಡದಿದ್ದರೂ ಅದು ಒಮ್ಮೊಮ್ಮೆ ತಾನೇ ಸುಮ್ಮನಾಗುತ್ತದೆ. ಆ ಹೊತ್ತಿಗೆ ಸರಿಯಾಗಿ ನೀವು ಪ್ಲಗ್ ಬದಲಿಸಿದ್ದರೆ, ಗುಣವಾದ ಕೀರ್ತಿ ಪ್ಲಗ್ಗಿಗೆ ಹೋಗುತ್ತದೆ.

ಇಲ್ಲಿ ಪಿಯುಸಿಯಲ್ಲಿ ಓದಿದ ಸಂಭವನೀಯತೆಯ ಲೆಕ್ಕ ಉಪಯೋಗಕ್ಕೆ ಬರುತ್ತದೆ. ಮೂರು ಪ್ರಯಾಣದಲ್ಲಿ ಒಂದರಲ್ಲಿ ಮಾತ್ರ ಕೆಮ್ಮು ಬರುತ್ತದೆ ಎಂದುಕೊಳ್ಳಿ. ಏನೂ ರಿಪೇರಿ ಮಾಡದಿದ್ದರೂ ಮುಂದಿನ ಪ್ರಯಾಣ ಸುಸೂತ್ರವಾಗಿ ಮುಗಿಯುವ ಸಾಧ್ಯತೆ ಶೇ 67. ಸತತ ಎರಡು ಪ್ರಯಾಣಕ್ಕೆ ಶೇ 44. ಐದಕ್ಕೆ ಶೇ 13. ಎಂಟಕ್ಕೆ ಸುಮಾರು ಶೇ 4. ಅಂದರೆ ಒಂದು ಸುತ್ತು ಹೊಡೆದು ಬಂದು ‘ಸರಿಯಾಗಿದೆ’ ಎನ್ನುವುದಕ್ಕೆ ಬೆಲೆಯೇ ಇಲ್ಲ. ರಿಪೇರಿಯ ನಂತರ ಕನಿಷ್ಠ ಎಂಟು ಪ್ರಯಾಣ ಕೆಮ್ಮಿಲ್ಲದೆ ಮುಗಿದರೆ ಮಾತ್ರ ಧೈರ್ಯವಾಗಿ ಮಾತಾಡಬಹುದು.

ಗುಜರಿಯ ಮಾತು ಬಂದ ಮೇಲೆ ಮಾವನಿಂದ ಒಂದು ತಿಂಗಳ ಗಡುವು ಕೇಳಿದೆ. ಒಂದೇ ಷರತ್ತು: ಆ ತಿಂಗಳಲ್ಲಿ ಯಾವ ಬಿಡಿಭಾಗವನ್ನೂ ಕೊಳ್ಳುವಂತಿಲ್ಲ. ಹತ್ತು ರೂಪಾಯಿಯ ನೋಟ್‌ಬುಕ್ ತಂದೆ. ಮಾವ ಓಡಿಸುತ್ತಿದ್ದರು, ನಾನು ಪಕ್ಕದಲ್ಲಿ ಕೂತು ಬರೆಯುತ್ತಿದ್ದೆ. ಸಮಯ ಎಷ್ಟು, ಬಿಸಿಲು ಹೇಗಿದೆ, ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟಿದೆ, ಎಷ್ಟನೇ ಕಿ.ಮೀ.ಗೆ ಕೆಮ್ಮು ಬಂತು, ವೇಗ ಎಷ್ಟಿತ್ತು, ಆಗ ಆಕ್ಸಲರೇಟರ್ ಮೇಲೆ ಕಾಲು ಎಷ್ಟು ಒತ್ತಿತ್ತು. ಇಷ್ಟೇ.

ಮೊದಲು ಬಿದ್ದುಹೋದದ್ದು ಊರವರೆಲ್ಲರ ಒಮ್ಮತದ ತೀರ್ಮಾನ. ನಮ್ಮ ಕಲಬುರಗಿ ಕಡೆ ಏನೇ ಆದರೂ ಬಿಸಿಲಿನ ಮೇಲೆ ಹಾಕುವುದು ರೂಢಿ. “ಬ್ಯಾಸಗಿ ಬಿಸಲಿಗಿ ಪೈಪಿನಾಗಿನ ಪೆಟ್ರೋಲ್ ಕುದಿಲತ್ತದ” ಅಂತ ಎಲ್ಲರೂ ಹೇಳಿದ್ದರು. ಮಾತು ಸುಳ್ಳಲ್ಲ. ಪೈಪಿನಲ್ಲಿ ಪೆಟ್ರೋಲ್ ಆವಿಯಾಗಿ ಗುಳ್ಳೆ ಕಟ್ಟಿದರೆ ಪಂಪ್ ಅದನ್ನು ಮುಂದಕ್ಕೆ ತಳ್ಳಲಾರದು. ಹಳೆ ಕಾರುಗಳಲ್ಲಿ ಇದು ನಿಜವಾದ ಕಾಯಿಲೆ. ಆದರೆ ನೋಟ್‌ಬುಕ್ ಬೇರೆಯದನ್ನೇ ಹೇಳುತ್ತಿತ್ತು. ಮದುವೆ ಮುಗಿಸಿ ರಾತ್ರಿ ಹತ್ತಕ್ಕೆ ತಣ್ಣಗಿನ ಗಾಳಿಯಲ್ಲಿ ವಾಪಸ್ ಬರುವಾಗಲೂ ಕೆಮ್ಮು ಬಂದಿತ್ತು. ಮಟಮಟ ಮಧ್ಯಾಹ್ನ ಊರೊಳಗೆ ಒಂದು ಗಂಟೆ ಸುತ್ತಿದರೂ ಬಂದಿರಲಿಲ್ಲ. ಹಾಗಾದರೆ ಬಿಸಿಲು ನಿರಪರಾಧಿ.

ಎರಡನೇ ಆರೋಪಿ ಈಗ ಎಲ್ಲರ ಬಾಯಲ್ಲಿರುವ ಇ20, ಅಂದರೆ ಶೇ 20 ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ, ಹಳೆ ಕಾಲದ ರಬ್ಬರ್ ಪೈಪುಗಳನ್ನು ಹಾಳು ಮಾಡುತ್ತದೆ. ಆದ್ದರಿಂದ ಅನುಮಾನ ಪಡಬೇಕಾದದ್ದೇ. ಆದರೆ ಅನುಮಾನ ಬೇರೆ, ಸಾಕ್ಷಿ ಬೇರೆ. ಇಂಧನ ಕಡಿಮೆಯಾಗಿ ಕೆಮ್ಮುವ ಎಂಜಿನ್, ಚೋಕ್ ಸ್ವಲ್ಪ ಎಳೆದರೆ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತದೆ. ಯಾಕೆಂದರೆ ಮಿಶ್ರಣದಲ್ಲಿ ಪೆಟ್ರೋಲಿನ ಪ್ರಮಾಣ ಹೆಚ್ಚುತ್ತದೆ. ಕೆಮ್ಮು ಬಂದಾಗ ಚೋಕ್ ಎಳೆದು ನೋಡಿದೆವು. ಏನೂ ವ್ಯತ್ಯಾಸವಿಲ್ಲ. ಟ್ಯಾಂಕಿನ ಮುಚ್ಚಳದಲ್ಲಿ ಗಾಳಿ ಒಳಹೋಗುವ ರಂಧ್ರ ಮುಚ್ಚಿಹೋದರೂ ಪೆಟ್ರೋಲ್ ಬರುವುದು ನಿಲ್ಲುತ್ತದೆ. ಗಾಡಿ ನಿಲ್ಲಿಸಿ ಮುಚ್ಚಳ ತೆಗೆದೆವು. ‘ಉಸ್ಸ್’ ಎನ್ನಲಿಲ್ಲ. ಜೊತೆಗೆ, ಇಂಧನದ ದೋಷದಲ್ಲಿ ಎಂಜಿನ್ ಮೆಲ್ಲಗೆ ಸೊರಗುತ್ತದೆ. ನಮ್ಮದು ಹಾಗಲ್ಲ, ಯಾರೋ ಸ್ವಿಚ್ ಆರಿಸಿ ಹಾಕಿದಂತೆ ಚಟ್ಟನೆ ಜಗ್ಗುತ್ತಿತ್ತು. ಇದು ಕಿಡಿಯ ಸಮಸ್ಯೆ.

ಈ ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಸೆಕೆಂಡಿಗೆ 100 ಕಿಡಿ ಬೇಕು. ಪ್ರತಿ ಕಿಡಿಗೂ ಡಿಸ್ಟ್ರಿಬ್ಯೂಟರ್ ಎಂಬ ಡಬ್ಬಿಯೊಳಗಿನ ಪಾಯಿಂಟ್ಸ್ ಒಮ್ಮೆ ಕೂಡಿ ಒಮ್ಮೆ ಬೇರ್ಪಡಬೇಕು. ಬೇರ್ಪಟ್ಟಾಗಿನ ಸಂದು ಹೆಚ್ಚೆಂದರೆ 0.4 ಮಿ.ಮೀ. ಇಷ್ಟು ಸೂಕ್ಷ್ಮದ ಸರಪಳಿಯಲ್ಲಿ ಯಾವ ಕೊಂಡಿ ಸಡಿಲ? ಮೊದಲು ಕಾಯಿಲ್‌ಗೆ ಕರೆಂಟ್ ಬರುವ ತುದಿಯಿಂದ ಒಂದು ಉದ್ದ ವೈರ್ ಎಳೆದು ಡ್ಯಾಶ್‌ಬೋರ್ಡಿನ ಕೆಳಗೆ 12 ವೋಲ್ಟಿನ ಸಣ್ಣ ಬಲ್ಬ್ ಕಟ್ಟಿದೆ. ಎಂಜಿನ್ ಕೆಮ್ಮಿತು, ಬಲ್ಬ್ ಮಿಣುಕಲಿಲ್ಲ. ಅಂದರೆ ಬ್ಯಾಟರಿ, ಸ್ವಿಚ್, ಅಲ್ಲಿವರೆಗಿನ ವೈರು ಎಲ್ಲ ಸರಿ. ಹತ್ತು ರೂಪಾಯಿಯ ಬಲ್ಬು ಅರ್ಧ ಕಾರನ್ನು ಆರೋಪಿಗಳ ಪಟ್ಟಿಯಿಂದ ಬಿಡಿಸಿತು.

ಉಳಿದರ್ಧಕ್ಕೆ ಉತ್ತರ ಕೊಟ್ಟದ್ದು ನೋಟ್‌ಬುಕ್ಕಿನ ಕೊನೆಯ ಕಾಲಂ. ಕೆಮ್ಮು ಬಂದಾಗಲೆಲ್ಲ ಕಾಲು ಹಗುರವಾಗಿತ್ತು! ನೇರ ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಮಾತ್ರ ಕೆಮ್ಮು. ಲಾರಿ ಹಿಂದೆ ಹಾಕಲು ಜೋರಾಗಿ ಒತ್ತಿದರೆ ಇಲ್ಲ, ನಿಂತಲ್ಲೇ ಸ್ಟಾರ್ಟ್ ಇದ್ದರೂ ಇಲ್ಲ.

ಈ ಸಾಲುಗಳನ್ನು ಕಪನೂರ ಕಡೆಯ ಒಬ್ಬ ಹಿರಿಯ ಉಸ್ತಾದರಿಗೆ ಓದಿ ಹೇಳಿದೆ. ಅವರು ಕಾರು ನೋಡುವ ಮೊದಲೇ, “ವ್ಯಾಕ್ಯೂಮ್ ಪೈಪ್ ಕಳಚಿ, ಬಾಯಿ ಮುಚ್ಚಿ ಓಡಿಸ್ರಿ” ಅಂದರು. ಕಾರಣ ಇದು: ಕಾಲು ಹಗುರವಾಗಿದ್ದಾಗ ಸಿಲಿಂಡರಿಗೆ ಹೋಗುವ ಮಿಶ್ರಣ ಕಡಿಮೆ, ಅದು ನಿಧಾನವಾಗಿ ಉರಿಯುತ್ತದೆ. ಹಾಗಾಗಿ ಕಿಡಿಯನ್ನು ಕೊಂಚ ಮುಂಚೆಯೇ ಕೊಡಬೇಕು. ಅದಕ್ಕೆಂದೇ ಕಾರ್ಬುರೇಟರಿನಿಂದ ಡಿಸ್ಟ್ರಿಬ್ಯೂಟರಿಗೆ ಒಂದು ತೆಳು ಪೈಪ್ ಇದೆ. ಎಂಜಿನ್ ಗಾಳಿಯನ್ನು ಹೀರಿದಾಗ ಪಾಯಿಂಟ್ಸ್ ಕೂತಿರುವ ತಟ್ಟೆ ಕೆಲವು ಡಿಗ್ರಿ ತಿರುಗುತ್ತದೆ. ಜೋರಾಗಿ ಒತ್ತಿದಾಗ ಹೀರುವ ಬಲ ಕುಗ್ಗಿ ತಟ್ಟೆ ವಾಪಸ್ ಬರುತ್ತದೆ. ನಿಂತಲ್ಲಿ ಓಡುವಾಗ ಆ ಪೈಪಿಗೆ ಹೀರುವ ಬಲ ಸಿಗುವುದೇ ಇಲ್ಲ. ಗ್ಯಾರೇಜಿನಲ್ಲಿ ದೋಷ ಯಾಕೆ ಕಾಣಲಿಲ್ಲ ಎಂಬುದು ಈಗ ನಿಮಗೂ ಹೊಳೆದಿರಬೇಕು.

ಪೈಪ್ ಕಳಚಿ ಓಡಿಸಿದೆವು, ಕೆಮ್ಮಿಲ್ಲ. ಜೋಡಿಸಿದ ಎರಡನೇ ದಿನವೇ ಕೆಮ್ಮು. ಆಮೇಲೆ ಗಾಡಿ ನಿಲ್ಲಿಸಿ, ಎಂಜಿನ್ ಓಡುತ್ತಿರುವಾಗ ಆ ಪೈಪಿನ ತುದಿಯನ್ನು ಉಸ್ತಾದರು ಬಾಯಿಂದ ಹೀರಿದರು. ಐದಾರು ಸಲ ಹೀರುವಷ್ಟರಲ್ಲಿ ಎಂಜಿನ್ ಜಗ್ಗಿತು. ಒಂದು ವರ್ಷ ಯಾರಿಗೂ ಮುಖ ತೋರಿಸದ ದೋಷ ಗ್ಯಾರೇಜಿನಲ್ಲೇ ಸಿಕ್ಕಿಬಿತ್ತು. ಮುಚ್ಚಳ ತೆಗೆದು ನೋಡಿದರೆ, ತಟ್ಟೆಗೆ ಹೋಗುವ ಎರಡು ಇಂಚಿನ ವೈರಿನ ಎಳೆಗಳು ಒಳಗೇ ತುಂಡಾಗಿದ್ದವು. ಮೇಲಿನ ಹೊದಿಕೆ ಗಟ್ಟಿ ಇದ್ದುದರಿಂದ ಕಣ್ಣಿಗೆ ಕಾಣುತ್ತಿರಲಿಲ್ಲ. ತಟ್ಟೆ ತಿರುಗಿ ವೈರು ಎಳೆದಾಗ ಒಮ್ಮೊಮ್ಮೆ ಸಂಪರ್ಕ ತಪ್ಪುತ್ತಿತ್ತು. ಯಾರಾದರೂ ಅಲ್ಲಿ ಕೈಯಾಡಿಸಿದರೆ ಎಳೆಗಳು ಮತ್ತೆ ತಾಗಿ ನಾಲ್ಕು ದಿನ ಸುಮ್ಮನಿರುತ್ತಿತ್ತು. ಬಾಗಿದರೂ ಮುರಿಯದ ಮೆತ್ತನೆಯ ವೈರು ಹಾಕಿದರು. ಖರ್ಚು ನೂರು ರೂಪಾಯಿಯೊಳಗೆ. ಎಂಟು ಪ್ರಯಾಣದ ಲೆಕ್ಕ ಮೊದಲೇ ಗೊತ್ತು ಮಾಡಿಕೊಂಡಿದ್ದೆವು. ಎಂಟೂ ಕೆಮ್ಮಿಲ್ಲದೆ ಮುಗಿದವು. ಗುಜರಿಯ ಮಾತು ಮನೆಯಲ್ಲಿ ಮತ್ತೆ ಬಂದಿಲ್ಲ.

‘ಎಲೆಕ್ಟ್ರಿಕ್ ಕಾರುಗಳ ಕಾಲದಲ್ಲಿ ಪಾಯಿಂಟ್ಸ್, ಕಾರ್ಬುರೇಟರ್ ಕಟ್ಟಿಕೊಂಡು ಏನು ಮಾಡೋದು?’ ಎಂದು ನನ್ನ ಗೆಳೆಯರೇ ಕೇಳುತ್ತಾರೆ. ಪ್ರಶ್ನೆ ಸರಿಯಾಗಿಯೇ ಇದೆ. ಪಾಯಿಂಟ್ಸ್ ಕೆಲಸ ಕೊಡದೇ ಇರಬಹುದು. ಆದರೆ ಹುಡುಕುವ ವಿಧಾನ ಕೊಡುತ್ತದೆ. ಇಂದಿನ ಕಾರಿಗೆ ಸ್ಕ್ಯಾನರ್ ಜೋಡಿಸಿದರೆ ‘ಪಿ0300’ ಎಂಬ ಕೋಡ್ ತೋರಿಸುತ್ತದೆ ಎನ್ನಿ. ಯಾವುದೋ ಸಿಲಿಂಡರುಗಳಲ್ಲಿ ಮಿಶ್ರಣ ಸರಿಯಾಗಿ ಉರಿಯುತ್ತಿಲ್ಲ ಎಂದಷ್ಟೇ ಅದರ ಅರ್ಥ. ಪ್ಲಗ್ಗೋ, ಕಾಯಿಲೋ, ಇಂಜೆಕ್ಟರೋ, ಎಲ್ಲೋ ಸಡಿಲವಾದ ಕನೆಕ್ಟರೋ ಎಂದು ಸ್ಕ್ಯಾನರ್ ಹೇಳುವುದಿಲ್ಲ. ಅಲ್ಲಿಂದ ಮುಂದೆ ಮನುಷ್ಯನೇ ಯೋಚಿಸಬೇಕು. ಬ್ಯಾಟರಿ ಕಾರಿನಲ್ಲೂ ಸಡಿಲ ಕನೆಕ್ಟರ್ ಆಗಾಗಲೇ ಕೈಕೊಡುತ್ತದೆ. ಸಾಫ್ಟ್‌ವೇರ್ ಓದುತ್ತಿರುವ ಗೆಳೆಯರನ್ನು ಕೇಳಿ ನೋಡಿ, ಒಮ್ಮೊಮ್ಮೆ ಮಾತ್ರ ಬರುವ ಬಗ್ ಎಂದರೆ ಅವರಿಗೂ ನಿದ್ದೆ ಬರುವುದಿಲ್ಲ.

ನಮ್ಮ ಐಟಿಐ, ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಪ್ರಾಯೋಗಿಕ ಪರೀಕ್ಷೆಗಳಲ್ಲಿ ನಡೆಯುವುದೇನು? ಚೆನ್ನಾಗಿರುವ ಎಂಜಿನ್ ಬಿಚ್ಚು, ಜೋಡಿಸು, ಚಿತ್ರ ಬರೆ, ರೀಡಿಂಗ್ ತೆಗೆ. ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆಗಳು. ಹಿಂದಿನ ಬ್ಯಾಚಿನ ರೆಕಾರ್ಡ್ ಬುಕ್ಕಿನಿಂದ ನೋಡಿ ಬರೆದರೂ ನಡೆಯುತ್ತದೆ. ಬದಲಿಗೆ ಮೇಷ್ಟ್ರು ಒಂದು ದೋಷವನ್ನು ಬಚ್ಚಿಟ್ಟು ‘ಹುಡುಕಿ’ ಎನ್ನಲಿ. ಮುಚ್ಚಳದಲ್ಲಿ ಕೂದಲೆಳೆಯ ಬಿರುಕು, ಒಳಗೆ ತುಂಡಾದ ವೈರು, ಅರ್ಧ ಮುಚ್ಚಿದ ಜೆಟ್. ಅಂಕ ಕೊಡುವುದು ದೋಷ ಸಿಕ್ಕಿತೋ ಇಲ್ಲವೋ ಎಂಬುದಕ್ಕಲ್ಲ. ಯಾವ ಅನುಮಾನಕ್ಕೆ ಯಾವ ಪರೀಕ್ಷೆ ಮಾಡಿದೆ, ಯಾವುದನ್ನು ಯಾವ ಸಾಕ್ಷಿಯಿಂದ ಕೈಬಿಟ್ಟೆ ಎಂದು ಬರೆದದ್ದಕ್ಕೆ. ಇದಕ್ಕೆ ಕೋಟಿ ರೂಪಾಯಿಯ ಯಂತ್ರ ಬೇಡ, ಗುಜರಿಯಿಂದ ತಂದ ಎಂಜಿನ್ ಸಾಕು. ಆ ಉಸ್ತಾದರಂಥವರನ್ನು ವಾರಕ್ಕೊಮ್ಮೆ ಕರೆದು ಗೌರವಧನ ಕೊಟ್ಟರೆ ಇನ್ನೂ ಚೆಂದ. ಅವರಿಗೆ ಗೊತ್ತಿರುವುದು ಯಾವ ಪಠ್ಯಪುಸ್ತಕದಲ್ಲೂ ಪೂರ್ತಿ ಬಂದಿಲ್ಲ.

ಕೆಲಸ ಹುಡುಕುತ್ತಿರುವ ನನ್ನಂಥವರಿಗೂ ಒಂದು ಮಾತು. ಅಣಕು ಪರೀಕ್ಷೆಯಲ್ಲಿ ಒಂದು ವಾರ ಅಂಕ ಬರುತ್ತದೆ, ಇನ್ನೊಂದು ವಾರ ಬರುವುದಿಲ್ಲ. ಕೂಡಲೇ ನಾವು ಕೋಚಿಂಗ್ ಬದಲಿಸುತ್ತೇವೆ, ಪುಸ್ತಕ ಬದಲಿಸುತ್ತೇವೆ, ರೂಮ್ ಬದಲಿಸುತ್ತೇವೆ, ಕೆಲವೊಮ್ಮೆ ಎಲ್ಲವನ್ನೂ ಒಂದೇ ವಾರದಲ್ಲಿ. ಅದೂ ಪ್ಲಗ್, ಕಾಯಿಲ್, ಪಂಪ್ ಬದಲಿಸಿದಂತೆಯೇ. ಅಂಕ ಏರಿದರೆ ಯಾವುದರಿಂದ ಏರಿತು ಎಂದು ಗೊತ್ತಾಗುವುದಿಲ್ಲ, ಇಳಿದರೆ ಯಾವುದರಿಂದ ಇಳಿಯಿತು ಎಂದೂ ಇಲ್ಲ. ಒಂದು ತಿಂಗಳು ಬರೆದಿಡಿ: ಎಷ್ಟು ನಿದ್ದೆ, ಯಾವ ವಿಷಯ, ಯಾವ ಹೊತ್ತು, ಎಷ್ಟನೇ ಪ್ರಶ್ನೆಯಿಂದ ತಪ್ಪು ಶುರು. ಆಮೇಲೆ ಒಂದನ್ನು, ಒಂದನ್ನು ಮಾತ್ರ, ಬದಲಿಸಿ ನೋಡಿ.

ಪ್ರಾಂಶುಪಾಲರು ಯಾರಾದರೂ ಇದನ್ನು ಓದುತ್ತಿದ್ದರೆ ಅವರಿಗೆ ನನ್ನ ಕೋರಿಕೆ ಇಷ್ಟೇ: ಮುಂದಿನ ಸೆಮಿಸ್ಟರಿನಲ್ಲಿ ನಿಮ್ಮ ಪ್ರಯೋಗಾಲಯಕ್ಕೆ ಕೆಮ್ಮುವ ಎಂಜಿನ್ ಒಂದನ್ನು ತನ್ನಿ. ಅದರ ಪಕ್ಕ ಒಂದು ನೋಟ್‌ಬುಕ್, 12 ವೋಲ್ಟಿನ ಒಂದು ಬಲ್ಬ್ ಇಟ್ಟು ಹುಡುಗರನ್ನು ಒಳಗೆ ಬಿಡಿ. ಸ್ಪೇರ್ ಪಾರ್ಟ್ಸ್ ಇರುವ ಕಪಾಟಿಗೆ ಮಾತ್ರ ಬೀಗ ಹಾಕಿ.